ಕಾಸಿಮಪ್ಪ ಉಸ್ತಾದರಾದದ್ದು

ಒಂದು ಸಲ ಓದಿದ ನಮಾಜನ್ನು ಜನ ಎದ್ದು ಇನ್ನೊಂದು ಸಲ ಓದುವುದಿದೆಯಲ್ಲ, ಮುಂದೆ ನಿಂತು ಓದಿಸಿದವನಿಗೆ ಅದಕ್ಕಿಂತ ದೊಡ್ಡ ಕಪಾಳಮೋಕ್ಷ ಬೇರೆ ಇಲ್ಲ. ಶಿವಮೊಗ್ಗೆಯ ಪಿಂಜಾರ ಕೇರಿಯ ಕಾಸಿಮಪ್ಪನಿಗೆ ಅದು ಆಯಿತು. ರಂಜಾನ್ ಹಬ್ಬ ಕಳೆದ ವಾರ ಇಮಾಮರು ಊರಿಗೆ ಹೋಗಿದ್ದರು. ಸಂಜೆಯ ನಮಾಜಿಗೆ ಸೇರಿದವರಲ್ಲಿ ಗಡ್ಡ ನರೆತವನು ಕಾಸಿಮಪ್ಪನೊಬ್ಬನೇ ಆದ್ದರಿಂದ ಯಾರೋ ಅವನನ್ನು ಮುಂದಕ್ಕೆ ತಳ್ಳಿದರು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಮನುಷ್ಯ, ಜೀವಮಾನದಲ್ಲಿ ಯಾರೂ ಮುಂದಕ್ಕೆ ಕರೆದವರಿಲ್ಲ. ಹಿಗ್ಗಿನಿಂದ ಹೋಗಿ ನಿಂತ, ಬಂದಷ್ಟನ್ನು ಬಂದ ಹಾಗೆ ಓದಿದ.

ಮರದ ಮಂಡಿಯ ದಸ್ತಗೀರ್ ಸಾಹೇಬರು ಅಷ್ಟು ಹೊತ್ತಿಗೆ ಬಂದು ಹಿಂದೆ ಸೇರಿದ್ದರು. ಮುಗಿದ ಮೇಲೆ, "ಅರೇ ಕಾಸಿಮ್, ನೀನು ಕುರಾನ್ ಓದಿದ್ಯೋ, ಹತ್ತಿ ಹಿಂಜಿದ್ಯೋ? ಒಂದಕ್ಷರ ನೆಟ್ಟಗಿಲ್ಲ. ಈ ನಮಾಜು ಕೂಡೋದಿಲ್ಲ, ಏಳಿ ಎಲ್ಲ" ಎಂದರು. ಮೊದಲು ಉರ್ದುವಿನಲ್ಲಿ ಅಂದರು. ಆಮೇಲೆ ಪಿಂಜಾರನಿಗೆ ಉರ್ದು ತಿಳಿಯಲಿಕ್ಕಿಲ್ಲವೆಂದು ಕನ್ನಡದಲ್ಲಿ ಮತ್ತೊಮ್ಮೆ ಅಂದರು. ಎಲ್ಲರೂ ಎದ್ದು ಮತ್ತೆ ಓದಿದರು. ಕಾಸಿಮಪ್ಪ ಹಿಂದಿನ ಸಾಲಿನ ಕೊನೆಯಲ್ಲಿ ನಿಂತು ಓದಿದ.

ಆ ರಾತ್ರಿ ಅವನು ತಟ್ಟೆ ಮುಟ್ಟಲಿಲ್ಲ.

"ಉಣ್ಣೋಕೇನು ಧಾಡಿ? ಮುದ್ದೆ ಆರ್ತಾ ಇದೆ" ಎಂದಳು ಹೆಂಡತಿ ಫಕೀರಮ್ಮ. "ಸಾಹೇಬ್ರು ಒಂದ್ಮಾತು ಅಂದ್ರೆ ಮೈಯೇನು ಸವೀತದಾ? ನಮ್ಮಪ್ಪ, ನಮ್ಮಜ್ಜ ಎಲ್ಲ ಹಿಂಗೇ ಓದಿದ್ದು. ಅಲ್ಲಾಗೆ ಕನ್ನಡ ಬರಲ್ವಾ?"

"ಬಾಯ್ಮುಚ್ಚೇ. ಮಕ್ಕಳು ನಕ್ಕವು ಕಣೇ. ನಿನ್ನೆ ಮೊನ್ನೆ ಹುಟ್ಟಿದ ಮಕ್ಕಳು."

"ಹಂಗಾದ್ರೆ ಕಲೀರಿ."

"ಈ ವಯಸ್ಸಿಗೆ ಯಾರ ಹತ್ರ? ಅದೇ ಹುಡುಗ್ರ ಪಕ್ಕ ಮಸೀದಿ ಚಾಪೆ ಮೇಲೆ ಕೂತ್ಕೊಳ್ಳಾ?"

ಮಗ ಬುಡೇನಪ್ಪ ಸಾಧು. ಜಗಳ ಅಂದರೆ ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿ ಆಲ್ಕೊಳದ ಕಡೆಗೋ ನವುಲೆಯ ಕಡೆಗೋ ಹಾಸಿಗೆ ಹೊಲಿಯಲು ಹೊರಟುಬಿಡುವವನು. ಅಂಥವನು ಅಂದು ಮುದ್ದೆ ಮುರಿಯುತ್ತಾ, "ನಮ್ಮ ಪ್ಯಾರಿಗೆ ಬರ್ತದಲ್ಲ ಅಪ್ಪ" ಎಂದುಬಿಟ್ಟ.

ಫಕೀರಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಡಿಯಿತು. "ಏನಂದೆ? ಮಾವಂಗೆ ಸೊಸೆ ಪಾಠ ಹೇಳೋದಾ? ಅವಳು ಇಷ್ಟು ವರ್ಷಕ್ಕೆ ಅವರೆದುರು ನೆಟ್ಟಗೆ ನಿಂತವಳಲ್ಲ. ಕೇರಿ ಜನ ಮುಖಕ್ಕೆ ಉಗೀತಾರೆ."

ಅಡುಗೆಮನೆಯ ಬಾಗಿಲ ಹಿಂದೆ ಪ್ಯಾರಮ್ಮ ಸೆರಗು ಬಿಗಿಹಿಡಿದು ನಿಂತಿದ್ದಳು. ಹೆದರಿಕೆಗಲ್ಲ, ಆಸೆಗೆ.

ಅವಳ ತವರು ಭದ್ರಾವತಿ. ಅಪ್ಪ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ಕೂಲಿ. ಕೂಲಿಲೈನಿನಲ್ಲಿ ಕನ್ನಡದವರು, ತಮಿಳರು, ತೆಲುಗರು ಒಂದೇ ನಲ್ಲಿಗೆ ಕೊಡ ಹಿಡಿಯುತ್ತಿದ್ದರು. ಅಲ್ಲಿ ಮೈಮೂನಮ್ಮ ಅಂತ ತಮಿಳು ಸೀಮೆಯ ಮುದುಕಿಯೊಬ್ಬಳು ತನ್ನ ಮನೆ ಮುಂದೆ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕುರಾನ್ ಕಲಿಸುತ್ತಿದ್ದಳು. ಅವಳಿಗೆ ಉರ್ದು ಬಾರದು, ಕನ್ನಡ ಮುರುಕು. ಆದರೆ ಅರಬ್ಬಿ ಅಕ್ಷರ ಅವಳ ಬಾಯಿಂದ ಬಂದರೆ ನಲ್ಲಿಯ ಹತ್ತಿರ ಜಗಳ ನಿಲ್ಲುತ್ತಿತ್ತು. ಪ್ಯಾರಮ್ಮ ಅವಳ ಕೈಕೆಳಗೆ ಪೂರ್ತಿ ಕುರಾನ್ ಮುಗಿಸಿ, ಲೈನಿಗೆಲ್ಲ ಸಿಹಿ ಹಂಚಿಸಿಕೊಂಡು ಮದುವೆಯಾದವಳು. ಗಂಡನ ಮನೆಗೆ ಬಂದ ಮೇಲೆ ಆ ದನಿ ಒಲೆಯ ಮುಂದೆ ತುಟಿಯಲ್ಲೇ ಉಳಿಯಿತು. ಇಡೀ ಪಿಂಜಾರ ಕೇರಿಯಲ್ಲಿ ಓದಬಲ್ಲ ಹೆಂಗಸು ಇನ್ನೊಬ್ಬಳಿರಲಿಲ್ಲ. ಮನೆಯ ಮುಂದಿನ ಜಗುಲಿ ಗುಡಿಸುವಾಗಲೆಲ್ಲ ಅವಳಿಗೆ ಅಲ್ಲಿ ಸಾಲಾಗಿ ಕೂತ ಹುಡುಗಿಯರು ಕಾಣುತ್ತಿದ್ದರು. ಹೇಳಿದರೆ ನಗುತ್ತಾರೆಂದು ಗಂಡನಿಗೂ ಹೇಳಿರಲಿಲ್ಲ.

ಬಾಗಿಲ ಹಿಂದಿನಿಂದಲೇ ಬಾಯಿ ತೆರೆದಳು. "ಕಲಿಸ್ತೀನಿ ಮಾವ. ನಿಮಗೆ ಓದೋಕೆ ಬಂದ್ಮೇಲೆ ಜಗುಲಿ ಮೇಲೆ ಕೇರಿ ಹೆಣ್ಣುಮಕ್ಕಳನ್ನ ಕೂರಿಸ್ಕೊಂಡು ನಾನು ಹೇಳ್ಕೊಡ್ತೀನಿ. ಅಷ್ಟಕ್ಕೆ ನೀವು ಒಪ್ಪಬೇಕು."

ಸೊಸೆ ಅಷ್ಟು ಮಾತಾಡಿದ್ದನ್ನು ಕಾಸಿಮಪ್ಪ ಕೇಳಿದ್ದೇ ಅಂದು. ಆಮೇಲೆ ತಟ್ಟೆ ಹತ್ತಿರಕ್ಕೆಳೆದುಕೊಂಡ. "ಆಗ್ಲಿ ಕಣಮ್ಮ. ಅಲ್ಲಾನ ಆಣೆ, ಜಗುಲಿ ನಿಂದೇ."

ಮಾರನೆಯ ಬೆಳಗಿನಿಂದ ಪಾಠ ಶುರುವಾಯಿತು. ಅವನು ನಡುಮನೆಯಲ್ಲಿ ಬಾಗಿಲ ಕಡೆಗೆ ಬೆನ್ನು ಹಾಕಿ ಕೂರುವುದು, ಅವಳು ಒಳಗೆ ರೊಟ್ಟಿ ತಟ್ಟುತ್ತಾ ಹೇಳುವುದು. ಮುಖ ಮುಖ ನೋಡುವ ಹಾಗಿಲ್ಲ.

"ಇದು ದೊಡ್ಡ ಹೆ, ಮಾವ. ನಮ್ಮ ಹ ಅಲ್ಲ. ಕನ್ನಡಿ ಒರೆಸೋಕೆ ಬಿಸಿ ಉಸಿರು ಬಿಡ್ತೀವಲ್ಲ, ಆ ಹ."

"ಹ."

"ಅದು ಸುಸ್ತಾದವರ ಹ. ಗಂಟಲು ಸ್ವಲ್ಪ ಬಿಗಿ ಹಿಡೀರಿ."

"ಹ್ಹ!"

"ಈಗ ಐನ್. ವಾಕರಿಕೆ ಬಂದಾಗ ಗಂಟಲು ಎಲ್ಲಿ ಹಿಡ್ಕೊಳ್ತದೋ, ಅಲ್ಲಿಂದ ತೆಗೀರಿ."

ಕಾಸಿಮಪ್ಪ ತೆಗೆದ ಐನ್ ಕೇಳಿ ಪಕ್ಕದ ಮನೆಯ ದುರ್ಗಮ್ಮ ಕೆಂಡ ಇಸಿದುಕೊಳ್ಳುವ ನೆವದಲ್ಲಿ ಓಡಿಬಂದಳು. "ಏನ್ ಫಕೀರಕ್ಕಾ, ಕೋಳಿ ಕತ್ತು ಹಿಸುಕ್ತಿದ್ದೀರಾ ಅಂದ್ಕೊಂಡೆ!"

"ಕೋಳಿಯಲ್ಲ ಮಾರಾಯ್ತಿ, ನಮ್ಮನೇ ಯಜಮಾನ್ರು. ಮದುವೆ ವಯಸ್ಸಿನ ಮೊಮ್ಮಕ್ಕಳಿರಬೇಕಾದ ಹೊತ್ನಾಗೆ ಅಕ್ಷರ ಕಲೀತಿದ್ದಾರೆ."

ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗಿಸಿ ಹೇಳುವ ಅಕ್ಷರ ಬಂದಾಗ ಇನ್ನೂ ಫಜೀತಿ. "ತುದಿ ಹಲ್ಲಿಗೆ ತಾಗ್ಲಿ ಮಾವ" ಎಂದು ಸೊಸೆ ಅಂದರೆ, "ಹಲ್ಲೆಲ್ಲಿದೆ ನಿನ್ ಮಾವಂಗೆ?" ಎಂದು ಹಿತ್ತಲಿಂದ ಫಕೀರಮ್ಮ ಕೂಗಿದಳು. ಬುಡೇನಪ್ಪ ಬಿಲ್ಲಿನ ತಂತಿ ಬಿಗಿಯುತ್ತಿದ್ದವನು ಮುಖ ತಿರುಗಿಸಿ ನಕ್ಕ. ಪ್ಯಾರಮ್ಮನೂ ನಕ್ಕಳು. ಆ ಮನೆಯಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕದ್ದು ಅದೇ ಕಡೆ.

ಹೊಗೆಸೊಪ್ಪು ಜಗಿದರೆ ಗಂಟಲು ಒಣಗುತ್ತದೆ ಎಂದು ಪ್ಯಾರಮ್ಮ ಅಂದಳು. ಕಾಸಿಮಪ್ಪ ಅಂದೇ ಸಂಚಿಯನ್ನು ತಿಪ್ಪೆಗೆಸೆದ. ಫಕೀರಮ್ಮನಿಗೆ ಹೊಟ್ಟೆ ಉರಿದದ್ದು ಆವತ್ತು. "ಮದುವೆಯಾದ ದಿನದಿಂದ ಬಡ್ಕೊಂಡೆ, ಬಾಯಿ ವಾಸನೆ ರೀ, ಬಿಡ್ರೀ ಅಂತ. ನನ್ ಮಾತಿಗೆ ಮೂರು ಕಾಸಿನ ಬೆಲೆ ಇರ್ಲಿಲ್ಲ. ಸೊಸೆ ಒಂದ್ಸಲ ಅಂದ್ಳು, ಬಿಟ್ರು!"

"ಅವಳು ಕುರಾನಿಗೋಸ್ಕರ ಹೇಳಿದ್ದು."

"ನಾನು ಸಂಸಾರಕ್ಕೋಸ್ಕರ ಹೇಳಿದ್ದೆ."

ಅಂದಿನಿಂದ ಅವಳು ಸೊಸೆ ಮಾಡಿದ ಸಾರಿನಲ್ಲಿ ಉಪ್ಪು ಹೆಚ್ಚೆನ್ನುತ್ತಿದ್ದಳು, ಇಲ್ಲವೇ ಕಡಿಮೆಯೆನ್ನುತ್ತಿದ್ದಳು. ಕೆಲಸದ್ದೂ ರಗಳೆಯಾಯಿತು. ನವುಲೆಯ ಗೌಡರ ಮನೆಯ ಹಾಸಿಗೆ ಅರ್ಧ ಹಿಂಜಿ ಬಿದ್ದಿತ್ತು. ಅಪ್ಪ ಪಾಠಕ್ಕೆ ಕೂತರೆ ಏಳುತ್ತಿರಲಿಲ್ಲ, ಮಗನೊಬ್ಬನೇ ದುಡಿದು ಸೋತು ಬರುತ್ತಿದ್ದ. ಪ್ಯಾರಮ್ಮ ಮನೆಗೆಲಸ ಮುಗಿಸಿ, ಮಾವನ ಪಾಲಿನ ಹೊಲಿಗೆಯನ್ನೂ ತಾನೇ ಹೊಲಿದಳು. ಬೆರಳು ತುಂಬ ಸೂಜಿಯ ಗಾಯ. ಆದರೂ ಅವಳಿಗೆ ಖುಷಿ. ಮುದುಕನ ಗಂಟಲು ದಿನೇ ದಿನೇ ಪಳಗುತ್ತಿತ್ತು. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಕಟ್ಟಬಾರದು, ಒಂದೊಂದೂ ಹಿಡಿಯುತ್ತಿದ್ದ. ಕುರಾನಿನ ಸಣ್ಣ ಸೂರಾಗಳು, ಅಂದರೆ ಅಧ್ಯಾಯಗಳು, ಬಾಯಿಗೆ ಬಂದವು. ಮಸೀದಿಯಲ್ಲಿ ಪಕ್ಕದವನು ತಿರುಗಿ ನೋಡಿದನಂತೆ. ಇನ್ನೊಂದು ವಾರಕ್ಕೆ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತಂತೆ.

"ಯಾರ ಹತ್ರ ಕಲಿತೆ ಅಂತ ಕೇಳಿದ್ರು" ಎಂದ ಕಾಸಿಮಪ್ಪ ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ.

"ಏನಂದ್ರಿ ಅಪ್ಪ?" ಎಂದು ಬುಡೇನಪ್ಪ ಕೇಳಿದ.

"ಭದ್ರಾವತಿ ಕಡೆಯವರು ಒಬ್ಬರು ಉಸ್ತಾದ್ರು ಅಂದೆ."

ಬಾಗಿಲ ಹಿಂದೆ ಪ್ಯಾರಮ್ಮ ಹುಳಿಯನ್ನು ಬಟ್ಟಲಿಗೆ ಬಗ್ಗಿಸುತ್ತಿದ್ದಳು. ಸುಳ್ಳೇನಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಭದ್ರಾವತಿಯವಳು ಹೌದಲ್ಲ.

ಮಸೀದಿಯ ಮುಂದಿನ ಸಾಲು ಬರೀ ಜಾಗ ಕೊಡುವುದಿಲ್ಲ, ಬುದ್ಧಿಯನ್ನೂ ಕೊಡುತ್ತದೆ. ಕಾಸಿಮಪ್ಪ ದಸ್ತಗೀರ್ ಸಾಹೇಬರ ಹಾಗೆ ಟೋಪಿ ಇಡಲು ಕಲಿತ. ಹೆಂಡತಿ ಬೀಸುವ ಕಲ್ಲಿನ ಮುಂದೆ ಪದ ಹಾಡಿದರೆ ಗದರಲು ಕಲಿತ. ಅಷ್ಟರಲ್ಲಿ ಮೊಹರಂ ಬಂತು.

ಮೊಹರಂ ಅಂದರೆ ಆ ಕೇರಿಗೆ ಫಕೀರಮ್ಮ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಅವಳು ಎತ್ತಿಕೊಟ್ಟ ಪದಕ್ಕೇ ಹೆಂಗಸರು ದನಿಗೂಡಿಸಬೇಕು. ಹಸೇನ ಹುಸೇನರ ಕಥೆ, ಅಚ್ಚ ಕನ್ನಡದಲ್ಲಿ. ರಾಗಿಗುಡ್ಡದ ಆಚೆಯಿಂದ ಒಕ್ಕಲಿನ ಹೆಂಗಸರು ಬಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಅವಳ ತಾಯಿ ಹಾಡಿದ ಪದ, ಅಜ್ಜಿ ಹಾಡಿದ ಪದ.

"ಈ ಸಲ ನೀನು ಕುಣಿ ಹತ್ರ ಹೋಗೋಹಂಗಿಲ್ಲ" ಎಂದ ಕಾಸಿಮಪ್ಪ. "ಹೆಂಗಸರ ದನಿ ಹೊರಗೆ ಕೇಳಬಾರ್ದು. ಕನ್ನಡದಲ್ಲಿ ಹಾಡೋದಂತೂ ಧರ್ಮವೇ ಅಲ್ಲ. ಸಾಹೇಬ್ರು ಕೇಳಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆ ನಿಮಗೆ ನಿನ್ನೆ ಬಂದಿದ್ದು. ನನ್ ಹಾಡು ನಮ್ಮಜ್ಜಿ ಕಾಲದ್ದು."

"ಮನೆ ಬಾಗಿಲು ದಾಟಿದ್ರೆ ವಾಪಸ್ ಬರಬೇಡ."

ಫಕೀರಮ್ಮ ಒಲೆಯ ಹತ್ತಿರ ಬಂದಳು. ಅಷ್ಟು ದಿನದ ಸಿಟ್ಟು ಅವಳ ಮುಖದಲ್ಲಿ ಇರಲಿಲ್ಲ. "ಪ್ಯಾರೂ, ನೀನೊಂದ್ಮಾತು ಹೇಳೇ. ನಿನ್ ಮಾತು ಕೇಳ್ತಾರೆ. ಹಾಡೋದು ತಪ್ಪಲ್ಲ ಅನ್ನು. ನೀನು ಓದಿದವಳು."

ಪ್ಯಾರಮ್ಮ ರೊಟ್ಟಿ ತಟ್ಟುತ್ತಲೇ ಇದ್ದಳು. ಮಾತು ಬಾಯಿಗೆ ಬಂದಿತ್ತು. ಆದರೆ ಮಾವನಿಗೆ ಇನ್ನೊಂದೇ ದೊಡ್ಡ ಸೂರಾ ಬಾಕಿ. ಅದು ಬಂದರೆ ಜಗುಲಿ ತನ್ನದು. ಈಗ ಎದುರಾಡಿ ಅವರ ಮನಸ್ಸು ಕೆಡಿಸಿದರೆ? "ಮಾವ ತಿಳಿದವರು ಅತ್ತೆ. ನಾನೇನು ಹೇಳ್ಲಿ?" ಎಂದಳು, ಕತ್ತೆತ್ತದೆ.

ಕುಣಿಯ ಸುತ್ತ ಆ ವರ್ಷ ಹಲಗೆ ಮಾತ್ರ ಬಡಿಯಿತು. ಫಕೀರಮ್ಮ ಒಳಗೆ ಮುಸುಕೆಳೆದು ಮಲಗಿದ್ದಳು. ಸೊಸೆಯೊಡನೆ ಮಾತು ನಿಲ್ಲಿಸಿದಳು.

ಮೊಹರಂ ಮುಗಿಸಿ ಪ್ಯಾರಮ್ಮ ರೈಲು ಹತ್ತಿ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಕಾರ್ಖಾನೆಯ ಕೂಗು, ಹೊಗೆ, ನಲ್ಲಿಯ ಸಾಲು, ಎಲ್ಲ ಹಾಗೇ ಇದ್ದವು. ಮೈಮೂನಮ್ಮನಿಗೆ ಮಾತ್ರ ಕಣ್ಣು ಹೋಗಿತ್ತು. ಆದರೂ ಮುಂದೆ ಹುಡುಗಿಯರು ಕೂತಿದ್ದರು. ಕಿವಿಯಲ್ಲೇ ತಿದ್ದುತ್ತಿದ್ದಳು. ಪ್ಯಾರಮ್ಮನ ಕೈ ಹಿಡಿದು ಬೆರಳಿನ ಗಾಯ ಸವರಿ ಕೇಳಿದಳು, "ಯಾಸ್ತಿ ಕೆಲಸವಾ ಕಣ್ಣೂ? ನಿನ್ ಹತ್ರ ಎಷ್ಟು ಪಿಳ್ಳೆಗಳು ಓದ್ತಾವೆ?"

"ಹತ್ತು ಹನ್ನೆರಡು ಹುಡುಗೀರು ಇದ್ದಾರೆ ಅಮ್ಮಾ."

"ಅಲ್ಲಾ ಒಳ್ಳೇದು ಮಾಡ್ಲಿ. ನಾನು ಸತ್ರೂ ಓದು ಸಾಯಲ್ಲ."

ಹಾಗೆ ಸುಳ್ಳಾಡಿದ್ದಕ್ಕೆ ಪ್ಯಾರಮ್ಮ ರೈಲಿನುದ್ದಕ್ಕೂ ಅತ್ತಳು. ಗ್ಯಾರವಿ ಹಬ್ಬ ಕಳೆಯಲಿ, ಆ ಸುಳ್ಳನ್ನು ನಿಜ ಮಾಡುತ್ತೇನೆ ಎಂದುಕೊಂಡಳು.

ಗ್ಯಾರವಿ ಪೀರರ ಹಬ್ಬ. ಅಂದು ಊಟ ಮುಂದಿಟ್ಟು ಓದುವ ಫಾತೆಹಾಕ್ಕೆ ದಸ್ತಗೀರ್ ಸಾಹೇಬರನ್ನೂ ಮಸೀದಿಯ ನಾಲ್ಕಾರು ಹಿರಿಯರನ್ನೂ ಮನೆಗೇ ಊಟಕ್ಕೆ ಕರೆಯಬೇಕು, ಮುಲ್ಲಾನನ್ನು ಕರೆಸದೆ ತಾನೇ ಓದಬೇಕು ಎಂದು ಕಾಸಿಮಪ್ಪ ಹಟ ಹಿಡಿದಿದ್ದ. ಅದೂ ಸಣ್ಣಪುಟ್ಟ ಸೂರಾ ಅಲ್ಲ, ಸೂರಾ ರಹಮಾನ್. ಮೂಗಿಗಿಂತ ಮೂಗುತಿ ಭಾರ. "ಬೇಡ ಮಾವ" ಎಂದು ಪ್ಯಾರಮ್ಮ ಬಾಗಿಲ ಹಿಂದಿನಿಂದ ಬೇಡಿಕೊಂಡಳು. "ಅದರಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರ್ತದೆ. ಹೊಸದೊಂದು, ಆಮೇಲೆ ಅದೇ ಸಾಲು. ಇನ್ನೊಂದು ಹೊಸದು, ಮತ್ತೆ ಅದೇ. ಎಲ್ಲಿದ್ದೀವಿ ಅನ್ನೋದು ತಪ್ಪಿದ್ರೆ ಓದಿದ್ದನ್ನೇ ಓದ್ತಾ ಸುತ್ತಬೇಕಾಗ್ತದೆ. ಕಲಿತವರೂ ಸುತ್ತುತ್ತಾರೆ." ಆ ಸಾಲು ಒಡೆಯನ ಉಪಕಾರವನ್ನು ನೆನಪಿಸುವ ಸಾಲು ಎಂದು ಮೈಮೂನಮ್ಮ ಹೇಳಿಕೊಟ್ಟಿದ್ದನ್ನೂ ಹೇಳಿದಳು.

"ಕೇಳೋಕೆ ಚೆನ್ನಾಗಿದೆ. ಅದೇ ಓದ್ತೀನಿ" ಎಂದ ಕಾಸಿಮಪ್ಪ.

ಗ್ಯಾರವಿಯ ದಿನ ನಡುಮನೆಗೆ ಹೊಸ ಚಾಪೆ ಬಿತ್ತು. ಅನ್ನ, ಕುರಿ ಮಾಂಸದ ಸಾರು, ಸಿಹಿ ಎಲ್ಲ ಮುಂದಿಟ್ಟು ಊದುಬತ್ತಿ ಹಚ್ಚಿದರು. ಕಾಸಿಮಪ್ಪ ಕಣ್ಣು ಮುಚ್ಚಿ ಶುರುಮಾಡಿದ. ಏನು ಓದು ಅದು! ದೊಡ್ಡ ಹೆ ಕನ್ನಡಿಗೆ ಉಸಿರಿಟ್ಟ ಹಾಗೆ, ಐನ್ ಗಂಟಲಿನ ಆಳದಿಂದ. ದಸ್ತಗೀರ್ ಸಾಹೇಬರು ತಲೆದೂಗಿದರು. ಒಳಗೆ ಪ್ಯಾರಮ್ಮನಿಗೆ ಕಣ್ಣಲ್ಲಿ ನೀರು ಬಂತು. ಒಂದೊಂದು ಅಕ್ಷರವೂ ತನ್ನದು, ಒಲೆಯ ಹೊಗೆಯಲ್ಲಿ ಕೂತು ತಿದ್ದಿದ್ದು.

ಅರ್ಧ ದಾಟಿತ್ತು. ಅದೇ ಸಾಲು ಬಂತು. ಅದರ ಮುಂದೆ ಕಾಸಿಮಪ್ಪ ಹೊಸದನ್ನು ಎತ್ತಬೇಕಿತ್ತು, ಹಿಂದಿನದನ್ನು ಎತ್ತಿಕೊಂಡ. ಮತ್ತೆ ಅದೇ ಸಾಲಿಗೆ ಬಂದ, ಮತ್ತೆ ಹಿಂದಕ್ಕೆ ಹೋದ. ಬೀಸುವ ಕಲ್ಲಿನ ಹಾಗೆ ಸುತ್ತತೊಡಗಿದ. ಹಣೆಯಲ್ಲಿ ಬೆವರು ಕಿತ್ತಿತು. ಹಿರಿಯರೊಬ್ಬರು ಕಣ್ಣು ತೆರೆದು ಪಕ್ಕದವರನ್ನು ನೋಡಿದರು. ಅವರಿಗೂ ಮುಂದಿನದು ಗೊತ್ತಿದ್ದಂತಿರಲಿಲ್ಲ, ತಪ್ಪಿದ್ದು ಮಾತ್ರ ಗೊತ್ತಾಗಿತ್ತು. ಸಾರು ಆರುತ್ತಿತ್ತು. ದಸ್ತಗೀರ್ ಸಾಹೇಬರ ತುಟಿಯ ಕೊನೆ ಅಲುಗಿತು.

ಕಾಸಿಮಪ್ಪನ ಓದು ನಿಂತುಬಿಟ್ಟಿತು. ಅವನ ಕಿವಿ ಬಾಗಿಲ ಕಡೆಗೆ ತಿರುಗಿತು.

ಹೇಳಬಾರದು ಎಂದು ಪ್ಯಾರಮ್ಮನಿಗೆ ಗೊತ್ತಿತ್ತು. ಹೆಂಗಸರ ದನಿ, ಹೊರಗಿನ ಗಂಡಸರು. ಆದರೆ ಕುರಾನ್ ಅರ್ಧಕ್ಕೆ ನಿಂತದ್ದನ್ನು ಅವಳು ಕೇಳಿ ಸುಮ್ಮನಿದ್ದವಳಲ್ಲ. ಮುಂದಿನ ಸಾಲನ್ನು ಎತ್ತಿಕೊಟ್ಟಳು. ಒಲೆಯ ಮುಂದಿನ ಪಿಸುಮಾತಲ್ಲ, ಮೈಮೂನಮ್ಮನ ಮುಂದೆ ಓದುತ್ತಿದ್ದ ತುಂಬು ದನಿ. ಕಾಸಿಮಪ್ಪ ಅದನ್ನು ಹಿಡಿದುಕೊಂಡು ಕೊನೆಯವರೆಗೆ ಓದಿ ಮುಗಿಸಿದ.

"ಒಳಗೆ ಓದಿದ್ದು ಯಾರು?" ಎಂದರು ದಸ್ತಗೀರ್ ಸಾಹೇಬರು. ಅವರ ದನಿಯಲ್ಲಿ ಕುಹಕವಿರಲಿಲ್ಲ.

"ನನ್ ಸೊಸೆ, ಸಾಹೇಬ್ರೇ." ಕಾಸಿಮಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ನಾನೇ ಕಲಿಸಿದ್ದು."

ಸಾರಿನ ಪಾತ್ರೆ ಹಿಡಿದು ನಿಂತಿದ್ದ ಬುಡೇನಪ್ಪ ಅಪ್ಪನನ್ನು ನೋಡಿದ. ಆಮೇಲೆ ಪಾತ್ರೆಯನ್ನು ನೋಡಿದ. ಬಡಿಸತೊಡಗಿದ.

"ಮಾಷಾ ಅಲ್ಲಾ! ಪಿಂಜಾರರ ಮನೇಲಿ ಸೊಸೆಗೂ ಕಲಿಸಿದ್ದೀರಲ್ಲ ಕಾಸಿಮ್ ಸಾಹೇಬ್ರೇ. ಹಂಗಾದ್ರೆ ಕೇರಿ ಮಕ್ಕಳನ್ನೂ ನೀವೇ ಕೂರಿಸ್ಕೊಳ್ಳಿ. ಇವತ್ತಿಂದ ನೀವೇ ಉಸ್ತಾದ್ರು."

ಅತಿಥಿಗಳು ಕೈ ತೊಳೆದು ಹೋದ ಮೇಲೆ ಕಾಸಿಮಪ್ಪ ಅಡುಗೆಮನೆಯ ಬಾಗಿಲ ಹತ್ತಿರ ಬಂದ. "ಅಷ್ಟು ಜೋರಾಗಿ ಹೇಳಬಾರ್ದಿತ್ತು ಕಣಮ್ಮ. ಗಂಡಸರಿದ್ರು."

"ನಿಮಗೆ ನಾನು ಕಲಿಸಿದ್ದು ಮಾವ."

"ಹೌದಮ್ಮ, ಇಲ್ಲ ಅಂದೋರ್ಯಾರು? ಸೊಸೆ ಹತ್ರ ಕಲಿತೆ ಅಂತ ಹೇಳೋಕಾಗ್ತದಾ? ಮನೆ ಮರ್ಯಾದೆ ನಿಂದೂ ಹೌದು ತಾನೇ?"

"ಜಗುಲಿ ನಂದು ಅಂದಿದ್ರಿ. ಅಲ್ಲಾನ ಆಣೆ ಇಟ್ಟಿದ್ರಿ."

"ಆಣೆ ತಪ್ಪಲ್ಲ. ಮಕ್ಕಳು ಜಗುಲಿ ಮೇಲೇ ಕೂತ್ಕೊತಾವೆ. ಮುಂದೆ ನಾನಿರ್ತೀನಿ, ಒಳಗಿಂದ ನೀನು ಮೆಲ್ಲಗೆ ಹೇಳ್ಕೊಡು. ನೀನೇ ಕಲಿಸಿದಂಗಾಯ್ತಲ್ಲ."

"ಹೆಣ್ಣುಮಕ್ಕಳು?"

"ಮೊದ್ಲು ಗಂಡುಮಕ್ಕಳು ಕಲೀಲಿ. ಆಮೇಲೆ ನೋಡೋಣ."

ಅವನು ಟೋಪಿ ಸರಿಮಾಡಿಕೊಂಡು ಮಸೀದಿಗೆ ಹೋದ. ಪ್ಯಾರಮ್ಮ ಗಂಡನ ಕಡೆ ತಿರುಗಿದಳು. "ನೀವಾದ್ರೂ ಒಂದ್ಮಾತು ಆಡಬಾರದಿತ್ತಾ?"

"ಅಪ್ಪನ ತಲೆ ಬಗ್ಗಲಿಲ್ವಲ್ಲ, ಬಿಡೇ. ನಾಳೆ ಆಲ್ಕೊಳಕ್ಕೆ ಹೋಗ್ಬೇಕು, ಬೇಗ ಬುತ್ತಿ ಕಟ್ಟು."

ಫಕೀರಮ್ಮ ಮೂಲೆಯಲ್ಲಿ ಎಂಜಲು ತಟ್ಟೆ ಬಳಿಯುತ್ತಿದ್ದಳು. ಎಷ್ಟೋ ವಾರಗಳ ಮೇಲೆ ಅವಳು ಸೊಸೆಯೊಡನೆ ಮಾತಾಡಿದ್ದು ಅಂದು. "ಹೊಳೆ ದಾಟಿದ್ಮೇಲೆ ಅಂಬಿಗನ ಹಂಗ್ಯಾಕೆ?" ಎಂದಳು. "ನಿನಗೆ ಈಗ ಉರೀತಾ ಇದೆ. ನನಗೆ ಮೊಹರಂನಾಗೆ ಉರಿದಿತ್ತು. ಆವತ್ತು ನನ್ನ ಬಾಯಿ ಮುಚ್ಚಿಸಿದ್ದು ನಿನ್ ಮಾವ ಅಂದ್ಕೊಂಡ್ಯಾ? ಆ ಮನುಷ್ಯಂಗೆ ಅಷ್ಟು ಗಂಟಲು ಎಲ್ಲಿತ್ತು ಮಾರಾಯ್ತಿ? ನೀನು ಮಾಡ್ಕೊಟ್ಟಿದ್ದು ಅದು. ನಿನ್ನ ಜಗುಲಿ ಆಸೆಗೆ."

ಪ್ಯಾರಮ್ಮ ನೆಲಕ್ಕೆ ಕುಸಿದು ಅತ್ತಳು. ಅತ್ತೆ ಸಮಾಧಾನ ಮಾಡಲು ಬರಲಿಲ್ಲ.

ಶುಕ್ರವಾರ ಕಳೆದು ಮಾರನೆಯ ಬೆಳಿಗ್ಗೆ ಜಗುಲಿಯ ತುಂಬ ಗಂಡು ಹುಡುಗರು ಕೂತರು. ತಮ್ಮನ ಕೈ ಹಿಡಿದುಕೊಂಡು ಬಂದಿದ್ದ ಹುಡುಗಿಯೊಬ್ಬಳು ಅವನ ಪಕ್ಕ ಕೂರಲು ಹೋದಳು. "ನೀನಲ್ಲಮ್ಮ, ಮನೆಗೆ ಹೋಗು" ಎಂದು ಕಾಸಿಮಪ್ಪ ಅವಳನ್ನು ಎಬ್ಬಿಸಿ ಕಳಿಸಿದ. ಕೈಯಲ್ಲೊಂದು ಬೆತ್ತ ಹಿಡಿದು, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಸಣ್ಣಗೆ ಕೆಮ್ಮಿದ.

ಪ್ಯಾರಮ್ಮ ಒಳಗಿನಿಂದ ಮೆಲ್ಲಗೆ ಅಕ್ಷರ ಹೇಳಿದಳು. ಅವನು ಗಟ್ಟಿಯಾಗಿ ಹೇಳಿದ, ಹುಡುಗರು ಕೂಗಿದರು. ಹಾಗೇ ನಾಲ್ಕಾರು ಅಕ್ಷರ ಸಾಗಿದವು. ಆಮೇಲೆ ಮೇಲಿನ ಹಲ್ಲಿಗೆ ನಾಲಿಗೆ ತಾಗಿಸುವ ಅಕ್ಷರ ಬಂತು. ಅವನ ಬೊಚ್ಚು ಬಾಯಿಂದ ಬರೀ ಗಾಳಿ ಬಂತು. ಹುಡುಗರೆಲ್ಲ ಒಂದೇ ದನಿಯಲ್ಲಿ ಅದೇ ಗಾಳಿಯನ್ನು ಊದಿದರು.

"ಹಂಗಲ್ಲ ಮಾವ" ಎಂದಳು ಪ್ಯಾರಮ್ಮ. ಅವನು ಕೇಳಿಸಿಕೊಳ್ಳದೆ ಇನ್ನೊಮ್ಮೆ ಹೇಳಿಸಿದ. ಮಕ್ಕಳಿಗೆ ಅದು ಒಮ್ಮೆ ಕೂತರೆ ಸಾಯುವವರೆಗೂ ಏಳುವುದಿಲ್ಲ. ಅವಳು ಬಾಗಿಲ ಅಂಚಿಗೇ ಬಂದು ಸ್ವಲ್ಪ ಗಟ್ಟಿಯಾಗಿ, "ಹಂಗಲ್ಲ, ಮಕ್ಕಳು ತಪ್ಪು ಕಲೀತಾವೆ" ಎಂದಳು.

ಹುಡುಗರು ತಲೆಯೆತ್ತಿ ಬಾಗಿಲು ನೋಡಿದರು. ಕಾಸಿಮಪ್ಪ ತಿರುಗದೆ ಬೆತ್ತದಿಂದ ನೆಲ ಕುಟ್ಟಿದ.

"ಒಳಗೆ ಗಲಾಟೆ ಮಾಡಬೇಡಿ. ಇಲ್ಲಿ ಪಾಠ ನಡೀತಾ ಇದೆ."